ಬಾವಿಯ ನೀರೂ ಬಂಕಿನ ಅಳತೆಗೋಲೂ

ಚಿತ್ರದುರ್ಗದ ಬೆಟ್ಟದ ಮೇಲೆ ಬಿದ್ದ ಮಳೆಯ ನೀರು ಗೋಪಾಲಸ್ವಾಮಿ ಹೊಂಡವನ್ನು ತುಂಬಿ, ಅಕ್ಕತಂಗಿಯರ ಹೊಂಡಕ್ಕೆ ಹರಿದು, ಕಡೆಗೆ ಊರೊಳಗಿನ ಸಂತೆಹೊಂಡವನ್ನು ಸೇರುವಂತೆ ಹಿಂದಿನವರು ಏರ್ಪಡಿಸಿದ್ದರು. ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರವು 1907ರಲ್ಲಿ ಪೂರ್ಣಗೊಂಡಿತು. 1933ರಲ್ಲಿ ಕೋಡಿ ಹರಿದ ಆ ಜಲಾಶಯ ಮತ್ತೊಮ್ಮೆ ಕೋಡಿ ಹರಿದುದು 2022ರಲ್ಲಿ. ಇಂತಹ ಬರಸೀಮೆಯ ಜನಕ್ಕೆ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ನೀರುಂಟೋ ಇಲ್ಲವೋ ಎಂಬ ಹಳೆಯ ಚಿಂತೆಯೊಡನೆ, ಇರುವ ನೀರು ಕುಡಿಯಲು ಯೋಗ್ಯವೋ ಎಂಬ ಚಿಂತೆಯೂ ಇಂದು ಸೇರಿಕೊಂಡಿದೆ. ಫ್ಲೋರೈಡಿನ ಬಾಧೆ ಈ ಜಿಲ್ಲೆಗೆ ಹೊಸದಲ್ಲ. ಹೆದ್ದಾರಿಯ ಪೆಟ್ರೋಲ್ ಬಂಕುಗಳಿಂದ ಒದಗಬಹುದಾದ ಕೇಡು ಮಾತ್ರ ಇನ್ನೂ ಅನೇಕರ ಗಮನಕ್ಕೆ ಬಂದಿಲ್ಲ.

ಬಂಕಿನಲ್ಲಿ ಕಣ್ಣಿಗೆ ಕಾಣುವುದು ಪಂಪು. ಇಂಧನವಿರುವುದು ನೆಲದೊಳಗಿನ ಟ್ಯಾಂಕಿನಲ್ಲಿ. ಉಕ್ಕಿಗೆ ತುಕ್ಕು ಹಿಡಿದರೆ, ಕೊಳವೆಯ ಜೋಡಣೆ ಸಡಿಲಿದರೆ, ಹನಿಹನಿಯಾಗಿ ಸೋರಿದುದು ಮಣ್ಣಿಗಿಳಿದು ಅಂತರ್ಜಲವನ್ನು ಮುಟ್ಟಬಲ್ಲುದು. ಪೆಟ್ರೋಲು ನೀರಿಗಿಂತ ಹಗುರವಾದುದರಿಂದ ಮೇಲೆ ತೇಲುತ್ತದೆ. ಅದರೊಳಗಿನ ಬೆಂಜೀನ್ ಒಂದಿಷ್ಟು ಕರಗಿ ನೀರಿನೊಡನೆಯೇ ಸಾಗುತ್ತದೆ. ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲ ಈ ದ್ರವ್ಯವು ಕುಡಿಯುವ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಮನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ. ಮೂಗಿಗೆ ವಾಸನೆ ತಿಳಿಯುವುದು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಾದ ಮೇಲೆ. ತಿಳಿಯಾಗಿ ಕಂಡ ನೀರೆಲ್ಲ ಶುದ್ಧವೆಂದು ನಂಬುವುದು ಹೇಗೆ?

ಆದುದರಿಂದಲೇ ಟ್ಯಾಂಕಿನ ಸುತ್ತ ವೀಕ್ಷಣಾ ಬಾವಿಗಳನ್ನು ಕೊರೆದು, ಮಳೆಗಾಲಕ್ಕೆ ಮುನ್ನವೂ ಅನಂತರವೂ ನೀರನ್ನು ಪರೀಕ್ಷಿಸುವುದು ವಿವೇಕ. ಮಾದರಿಯನ್ನು ಗಾಜಿನ ಸೀಸೆಯಲ್ಲಿ ಗಾಳಿಗುಳ್ಳೆ ಉಳಿಯದಂತೆ ತುಂಬಿ, ತಣ್ಣಗಿರಿಸಿ ಪ್ರಯೋಗಾಲಯಕ್ಕೆ ಒಯ್ಯಬೇಕು. ಅಜಾಗರೂಕತೆಯಾದರೆ ಬೆಂಜೀನ್ ಆವಿಯಾಗಿ, ಕೆಟ್ಟ ನೀರೂ ಒಳ್ಳೆಯದೆನಿಸಿಕೊಂಡೀತು. 2020ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಹೊಸ ಬಂಕುಗಳು ಶಾಲೆ, ಆಸ್ಪತ್ರೆ, ವಸತಿಗಳಿಂದ 50 ಮೀಟರು ದೂರವಿರಬೇಕೆಂದೂ, ಅನಿವಾರ್ಯವಾದಲ್ಲಿ 30 ಮೀಟರಿಗೆ ಕಡಿಮೆಯಾಗಕೂಡದೆಂದೂ ತಿಳಿಸಿತು. ಆದರೆ ಈ ಕಗ್ಗಲ್ಲಿನ ಸೀಮೆಯಲ್ಲಿ ಅಂತರ್ಜಲ ಬಂಡೆಯ ಬಿರುಕು ಹಿಡಿದು ಹೋಗುತ್ತದೆ. ಮೇಲಿನ ಇಳಿಜಾರನ್ನು ನೋಡಿ ಅದರ ದಾರಿಯನ್ನು ನಿಶ್ಚಯಿಸಲಾಗದು. ಹೊಳಲ್ಕೆರೆಯ ಅಡಿಕೆ ತೋಟವಾಗಲಿ ಹೊಸದುರ್ಗದ ತೆಂಗಿನ ತೋಟವಾಗಲಿ, ಬಂಕಿನ ನೆರೆಯಲ್ಲಿದ್ದರೆ ಅಲ್ಲಿನ ಕೊಳವೆಬಾವಿಯನ್ನೂ ಪರೀಕ್ಷಿಸುವುದು ಲೇಸು.

ಇದೆಲ್ಲಕ್ಕೂ ಮೊದಲ ಕಾವಲು, ಬೆಳಗಿನ ಹೊತ್ತು ಡಿಪ್ ರಾಡನ್ನು ಟ್ಯಾಂಕಿಗಿಳಿಸುವ ಹುಡುಗನದು. ಹಿಂದಿನ ದಿನದ ದಾಸ್ತಾನಿಗೆ ಬಂದುದನ್ನು ಕೂಡಿ, ಮಾರಿದುದನ್ನು ಕಳೆದರೆ, ಉಳಿಯಬೇಕಾದುದು ತಿಳಿಯುತ್ತದೆ. ಅವನು ಶಾಲೆಯಲ್ಲಿ ಕಲಿತ ಲೆಕ್ಕವೇ ಅದು. ದಿನದಿನವೂ ಕೊರತೆ ಕಂಡಾಗ ಆವಿಯಾಯಿತೆಂದು ಬರೆದು ಪುಸ್ತಕ ಮುಚ್ಚುವುದು ಸುಲಭ. ಮಾರಾಟ ನಿಲ್ಲಿಸಿ ಟ್ಯಾಂಕನ್ನು ಪರೀಕ್ಷಿಸಿದರೆ ಮಾಲೀಕನಿಗೆ ಕೆಲವು ದಿನಗಳ ನಷ್ಟ. ಮುಚ್ಚಿಟ್ಟರೆ ನೆರೆಯವನ ಬಾವಿಗೆ ಬಹುವರ್ಷಗಳ ನಷ್ಟ. ನೆಲದೊಳಗೆ ಹಬ್ಬಿದುದನ್ನು ತೊಳೆದು ತೆಗೆಯುವುದು ಸುಲಭಸಾಧ್ಯವಲ್ಲ. ಹುಡುಗ ಕಂಡದ್ದನ್ನು ಕಂಡಂತೆ ಬರೆಯಲಿ. ಮಾಲೀಕನು ಅದನ್ನು ಅಳಿಸದಿರಲಿ. ನೆರೆಯ ಮನೆಯ ಮಕ್ಕಳು ಕುಡಿಯುವ ನೀರಿನ ಕ್ಷೇಮ ಆ ಒಂದು ಸಾಲಿನಲ್ಲಿದೆ.