ಡಿಸ್ಕಸ್ಸಿನ ಬಾಲ

ಕನ್ನಡಿಗರ ಇಂಗ್ಲಿಷಿನಲ್ಲಿ ತಪ್ಪು ಹುಡುಕಲು ಹೊರಟವರಿಗೆ ಮೊದಲು ಸಿಗುವ ಬೇಟೆ ‘ಡಿಸ್ಕಸ್ ಅಬೌಟ್’. ಸಭೆಯ ನಡಾವಳಿ, ಕಚೇರಿಯ ಪತ್ರ, ಘನವಾದ ವಿಚಾರಸಂಕಿರಣದ ಸ್ವಾಗತ ಭಾಷಣ, ಎಲ್ಲೆಂದರಲ್ಲಿ ಅದು ಇದ್ದೇ ಇರುತ್ತದೆ. ಡಿಸ್ಕಸ್ ಸಕರ್ಮಕ ಕ್ರಿಯಾಪದ, ತನ್ನ ಕರ್ಮವನ್ನು ತಾನೇ ಹಿಡಿದುಕೊಳ್ಳುತ್ತದೆ, ಅದಕ್ಕೆ ಅಬೌಟ್ ಎಂಬ ಬಾಲ ಬೇಡ ಎಂದು ಮೇಷ್ಟರು ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತಾರೆ. ಹೊಡೆದದ್ದು ಸರಿಯೇ. ಆದರೆ ಜೊತೆಗೆ ಅವರು ಹೇಳುವ ಕಾರಣ ನನಗೆ ಒಪ್ಪಿಗೆಯಿಲ್ಲ: ತಲೆಯಲ್ಲಿ ಕನ್ನಡದ ‘ಬಗ್ಗೆ’ ಕೂತಿದೆಯಂತೆ, ಅದೇ ಇಂಗ್ಲಿಷಿಗೆ ಇಳಿಯುತ್ತದಂತೆ.

ಕನ್ನಡದಲ್ಲಿ ‘ನೀರಿನ ಸಮಸ್ಯೆಯ ಬಗ್ಗೆ ಚರ್ಚಿಸಿದರು’ ಎನ್ನುವಷ್ಟೇ ಸಲೀಸಾಗಿ ‘ನೀರಿನ ಸಮಸ್ಯೆಯನ್ನು ಚರ್ಚಿಸಿದರು’ ಎಂದೂ ಹೇಳುತ್ತೇವೆ. ತಾಯಿನುಡಿಯೇ ಕೈಹಿಡಿದು ನಡೆಸುವುದಾದರೆ ಈ ಎರಡನೆಯ ದಾರಿಯಲ್ಲೂ ನಡೆಸಬೇಕಿತ್ತು. ಇನ್ನೂ ಗಟ್ಟಿಯಾದ ಸಾಕ್ಷಿ ಹೊರಗಿದೆ. ನೈಜೀರಿಯಾ, ಘಾನಾ, ಸಿಂಗಪುರಗಳ ಇಂಗ್ಲಿಷಿನಲ್ಲೂ ಇದೇ ‘ಡಿಸ್ಕಸ್ ಅಬೌಟ್’ ಧಾರಾಳವಾಗಿದೆ. ಲಾಗೋಸಿನ ಯೊರುಬಾ ಮಾತಿನವರಿಗೆ ನಮ್ಮ ‘ಬಗ್ಗೆ’ಯನ್ನು ಕಲಿಸಿದವರು ಯಾರು? ಒಂದಕ್ಕೊಂದು ನೆಂಟಸ್ತನವೇ ಇಲ್ಲದ ನುಡಿಗಳವರು ಒಂದೇ ಜಾಗದಲ್ಲಿ ಎಡವುತ್ತಾರೆಂದರೆ ಕಲ್ಲು ಇರುವುದು ದಾರಿಯಲ್ಲೇ. ಟಾಕ್, ಸ್ಪೀಕ್, ಥಿಂಕ್, ಆರ್ಗ್ಯೂ, ಈ ನಾಲ್ಕಕ್ಕೂ ಅಬೌಟ್ ಹಚ್ಚಬಹುದು. ಡಿಸ್ಕಷನ್ ಎಂಬ ನಾಮಪದಕ್ಕೂ ಹಚ್ಚಬಹುದು. ಅದರ ಒಡಹುಟ್ಟಾದ ಕ್ರಿಯಾಪದಕ್ಕೆ ಮಾತ್ರ ನಿಷೇಧ. ಅಂದರೆ ಕಲಿಯುವವನು ಇಂಗ್ಲಿಷಿನದೇ ತರ್ಕವನ್ನು ಇಂಗ್ಲಿಷ್ ತಾನು ಒಯ್ದದ್ದಕ್ಕಿಂತ ಒಂದು ಹೆಜ್ಜೆ ಮುಂದೆ ಒಯ್ದಿದ್ದಾನೆ, ಅಷ್ಟೆ.

ಡಿಸ್ಕಸ್ ಪದದೊಳಗೇ ಅಬೌಟ್‌ನ ಅರ್ಥ ಅಡಗಿದೆ, ಮತ್ತೆ ಸೇರಿಸಿದರೆ ದ್ವಿರುಕ್ತಿ ಎಂಬ ಆಕ್ಷೇಪವೊಂದಿದೆ. ಅಚ್ಚುಕಟ್ಟಾದ ಮಾತು, ಆದರೆ ಭಾಷೆ ಅಷ್ಟು ಲೆಕ್ಕಾಚಾರದ್ದಲ್ಲ. ‘ಮೀಟ್’ ಒಂದೇ ಸಾಕಾಗಿದ್ದ ಕಡೆ ಅಮೆರಿಕದವರು ‘ಮೀಟ್ ವಿತ್’ ಎನ್ನುತ್ತಾರೆ. ಬ್ರಿಟನ್ನಿನವರು ‘ಪ್ರೊಟೆಸ್ಟ್ ಅಗೇನ್ಸ್ಟ್’ ಎನ್ನುವಲ್ಲಿ ಅದೇ ಅಮೆರಿಕದವರು ಅಗೇನ್ಸ್ಟ್ ಅನ್ನು ಬಿಟ್ಟುಬಿಡುತ್ತಾರೆ. ಅವರು ಕೂಡಿಸಿದರೂ ಕಳೆದರೂ ಶೈಲಿ, ನಾವು ಕೂಡಿಸಿದರೆ ತಪ್ಪು! ನಿಯಮ ನಿಯಮವೇ ಎಂಬ ವಾದಕ್ಕೂ ಇತಿಹಾಸದ ಬೆಂಬಲ ಕಡಿಮೆ. ವಾಕ್ಯದ ಕೊನೆಗೆ ಪ್ರಿಪೊಸಿಷನ್ ಬರಬಾರದೆಂದು 1672ರಲ್ಲಿ ನಾಟಕಕಾರ ಬೆನ್ ಜಾನ್ಸನ್‌ನನ್ನು ದೂರಿದ ಕವಿ ಡ್ರೈಡನ್, 1684ರಲ್ಲಿ ತನ್ನದೇ ಹಳೆಯ ಪ್ರಬಂಧ ಮರುಮುದ್ರಣವಾದಾಗ ಅಂಥ ವಾಕ್ಯಗಳನ್ನೆಲ್ಲ ತಿದ್ದಲು ಕೂತ. ಶಾಲೆಗಳು ಆ ಒಬ್ಬನ ರುಚಿಯನ್ನು ಶಾಸನ ಮಾಡಿಕೊಂಡವು. 1926ರಲ್ಲಿ ಇಂಗ್ಲಿಷ್ ಬಳಕೆಯ ಕೋಶಕಾರ ಫೌಲರ್ ಬಂದು ಅದು ಮೂಢನಂಬಿಕೆ ಎಂದ. ಈ ವಿಷಯದಲ್ಲಿ ನಮ್ಮ ವೈಯಾಕರಣರು ಹೆಚ್ಚು ಉದಾರಿಗಳು. ‘ಊರನ್ನು ಸೇರಿದನು’ ಎನ್ನಬೇಕಾದಲ್ಲಿ ‘ಊರಿಗೆ ಸೇರಿದನು’, ‘ಬೆಟ್ಟವನ್ನು ಹತ್ತಿದನು’ ಎನ್ನಬೇಕಾದಲ್ಲಿ ‘ಬೆಟ್ಟಕ್ಕೆ ಹತ್ತಿದನು’ ಎಂದು ಜನ ಆಡುವುದನ್ನು ಕಂಡು, ಅದಕ್ಕೆ ವಿಭಕ್ತಿ ಪಲ್ಲಟವೆಂದು ಹೆಸರಿಟ್ಟು, ವ್ಯಾಕರಣದಲ್ಲೇ ಜಾಗ ಕೊಟ್ಟರು. ಆ ಪಾಠವನ್ನು ಹೈಸ್ಕೂಲಿನ ಮಕ್ಕಳು ಈಗಲೂ ಓದುತ್ತಾರೆ.

ಹಾಗಾದರೆ ‘ಡಿಸ್ಕಸ್ ಅಬೌಟ್’ಗೂ ಮಣೆ ಹಾಕೋಣವೇ ಎಂದರೆ, ಸದ್ಯಕ್ಕೆ ಬೇಡ. ಪಲ್ಲಟ ಒಪ್ಪಿತವಾದದ್ದು ಆ ನುಡಿಯಾಡುವವರೆಲ್ಲ ಬಹುಕಾಲ ಹಾಗೆ ಆಡಿದ್ದರಿಂದ. ಪರೀಕ್ಷೆಯ ಉತ್ತರಪತ್ರಿಕೆ, ಉದ್ಯೋಗದ ಅರ್ಜಿ, ವಿದೇಶದ ಪತ್ರಿಕೆಗೆ ಕಳಿಸುವ ಲೇಖನ, ಇವನ್ನು ಓದುವವರ ಕಿವಿಗೆ ಈ ಅಬೌಟ್ ಇನ್ನೂ ಕಲ್ಲು ಕಡಿದಂತೆಯೇ. ಅಲ್ಲಿ ಅದನ್ನು ಬಿಡುವುದೇ ಜಾಣತನ. ಬಿಡಲಾರದವನನ್ನು ಇಂಗ್ಲಿಷ್ ಬಾರದ ಹಳ್ಳಿಗನೆಂದು ನಗುವುದಕ್ಕೆ ಮಾತ್ರ ಆಧಾರವಿಲ್ಲ. ಅಬೌಟ್ ಇಲ್ಲದೆ ನಾಲಿಗೆ ಹೊರಳುವುದೇ ಇಲ್ಲ ಎನ್ನುವವರಿಗೆ ಇಂಗ್ಲಿಷೇ ಒಂದು ಹಿತ್ತಿಲ ಬಾಗಿಲು ತೆರೆದಿಟ್ಟಿದೆ: ಕ್ರಿಯಾಪದವನ್ನು ಬಿಟ್ಟು ‘ಹ್ಯಾವ್ ಎ ಡಿಸ್ಕಷನ್ ಅಬೌಟ್’ ಎಂದುಬಿಟ್ಟರಾಯಿತು, ಮೇಷ್ಟರ ಕೆಂಪು ಪೆನ್ನಿಗೆ ಅಲ್ಲಿ ಕೆಲಸವಿಲ್ಲ.