ಏಳನೆಯ ಬೀದಿಯ ಕಾಗದಗಳು

ನಮ್ಮ ಕಡೆಯ ಹಳೆಯ ಮನೆಗಳಲ್ಲಿ, ಬಂದ ಕಾಗದಗಳನ್ನು ಕೊಕ್ಕೆಯುಳ್ಳ ಒಂದು ತಂತಿಗೆ ಚುಚ್ಚಿ ಗೋಡೆಗೆ ತೂಗುಹಾಕುತ್ತಿದ್ದುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ತಂತಿಯು ತುಂಬಿದ ಬಳಿಕ ಅದನ್ನು ಅಟ್ಟಕ್ಕೇರಿಸಿ ಹೊಸದನ್ನು ತೂಗಿಸುವರು. ಸಾವಿನ ಸುದ್ದಿಯನ್ನು ತಂದ ಕಾಗದಕ್ಕೆ ಮಾತ್ರ ಆ ತಂತಿಯಲ್ಲಿ ಸ್ಥಳವಿರಲಿಲ್ಲ. ಓದಿದೊಡನೆಯೇ ಅದನ್ನು ಹರಿದುಬಿಡುವುದು ವಾಡಿಕೆ. ನಮ್ಮ ಮನೆಯ ಅಟ್ಟದಲ್ಲಿ ಇಂತಹ ನಾಲ್ಕು ತಂತಿಗಳಿದ್ದುವು. ಮನೆಯನ್ನು ದುರಸ್ತಿ ಮಾಡಿಸಿದ ವರ್ಷ, ಧೂಳು ಹಿಡಿದ ಹಳೆಯ ಕಾಗದವೆಂದು ನಾನೇ ಅವುಗಳನ್ನು ಬಚ್ಚಲ ಒಲೆಗೆ ಹಾಕಿಸಿದೆನು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು ಮಾಡಿದ ಕೆಲಸವಿದು! ಆ ತಪ್ಪಿನ ಗಾತ್ರವೆಷ್ಟೆಂಬುದು ನನಗೆ ತಿಳಿದುದು ಬಹುದೂರದಲ್ಲಿ, ಅಮೆರಿಕದ ರಾಜಧಾನಿಯಾದ ವಾಷಿಂಗ್‌ಟನ್ ನಗರದ ಏಳನೆಯ ಬೀದಿಯಲ್ಲಿ.

ಮಗಳ ಮನೆಯಲ್ಲಿ ಕೆಲವು ತಿಂಗಳಿರಲೆಂದು ಅಲ್ಲಿಗೆ ಹೋಗಿದ್ದೆನು. ಪ್ರವಾಸಿಗಳು ನೋಡಲೇಬೇಕಾದ ಶ್ವೇತಭವನ, ಸ್ಮಾರಕಸ್ತಂಭ ಮೊದಲಾದುವನ್ನು ನೋಡಿಯಾಯಿತು. ಆ ಬಳಿಕ ಒಂದು ದಿನ ಏಳನೆಯ ಬೀದಿಯಲ್ಲಿಯೂ ಅದರ ಆಸುಪಾಸಿನಲ್ಲಿಯೂ ಇರುವ ನಾಲ್ಕು ಕಟ್ಟಡಗಳನ್ನು ನೋಡಿ ಬಂದೆನು. ಇವೆಲ್ಲವೂ ಒಂದು ಮೈಲಿಯೊಳಗಣ ನಡಿಗೆಯಲ್ಲಿವೆ. ನಾಲ್ಕಕ್ಕೂ ಸಂಬಂಧಪಟ್ಟುದು ಒಂದೇ ವಿಷಯ: ಸಿಪಾಯಿಗಳ ಕಾಗದಗಳು.

ಗುಲಾಮಗಿರಿಯನ್ನು ಉಳಿಸಿಕೊಳ್ಳಬೇಕೆಂದು ದಕ್ಷಿಣದ 11 ಸಂಸ್ಥಾನಗಳು ಒಕ್ಕೂಟದಿಂದ ಬೇರೆಯಾಗಲು, 1861ರಿಂದ 1865ರ ವರೆಗೆ ಅಮೆರಿಕದ ಉತ್ತರ ದಕ್ಷಿಣ ಭಾಗಗಳಿಗೆ ಘೋರವಾದ ಅಂತರ್ಯುದ್ಧವು ನಡೆಯಿತು. ಸತ್ತವರು 6 ಲಕ್ಷಕ್ಕೂ ಮಿಗಿಲು. ಅವರಲ್ಲಿ ಗುಂಡಿಗಿಂತ ರೋಗಕ್ಕೆ ತುತ್ತಾದವರೇ ಹೆಚ್ಚು. ದಂಡಿಗೆ ಸೇರಿದವರಲ್ಲಿ ಬಹುಮಂದಿ ರೈತರ ಮಕ್ಕಳು, ಆದರೂ ಬರೆಯಬಲ್ಲವರು. ಡೇರೆಯಲ್ಲಿ ಕುಳಿತು, ಮದ್ದಳೆಯನ್ನೋ ಮೊಣಕಾಲನ್ನೋ ಮೇಜು ಮಾಡಿಕೊಂಡು ಅವರು ಮನೆಗೆ ಬರೆದರು. ಕಾಗದ ಸಾಲದಿದ್ದರೆ, ಬರೆದ ಹಾಳೆಯನ್ನೇ ಅಡ್ಡಲಾಗಿ ತಿರುಗಿಸಿ, ಮೊದಲಿನ ಸಾಲುಗಳ ಮೇಲೆಯೇ ಮತ್ತೆ ಬರೆದರು. ಅಂಚೆಯ ಚೀಟಿಗೆ ಕಾಸಿಲ್ಲದವನು ‘ಸಿಪಾಯಿಯ ಕಾಗದ’ವೆಂದು ಗುರುತು ಮಾಡಿ ಕಳುಹಿಸಬಹುದಾಗಿತ್ತು, ಹಣವನ್ನು ಮನೆಯವರು ಕೊಟ್ಟು ಬಿಡಿಸಿಕೊಳ್ಳಬೇಕು.

ನಾನು ನೋಡಿದ ಮೊದಲನೆಯ ಕಟ್ಟಡವು ಹಿಂದಿನ ಪೇಟೆಂಟ್ ಕಚೇರಿ. ಈಗ ಅದು ಚಿತ್ರಶಾಲೆ. ಯುದ್ಧಕಾಲದಲ್ಲಿ, ಹೊಸ ಯಂತ್ರಗಳ ಮಾದರಿಗಳನ್ನಿಟ್ಟಿದ್ದ ಗಾಜಿನ ಬೀರುಗಳ ನಡುವೆ ಗಾಯಾಳುಗಳ ಮಂಚಗಳನ್ನು ಹಾಕಿದ್ದರು. ವಾಲ್ಟ್ ವ್ಹಿಟ್ಮನ್ ಎಂಬ ಕವಿಯು ಇಂತಹ ಆಸ್ಪತ್ರೆಗಳಿಗೆ ದಿನವೂ ಹೋಗಿ, ಹಣ್ಣನ್ನೂ ಹೊಗೆಸೊಪ್ಪನ್ನೂ ಹಂಚಿ, ಬರೆಯಲಾರದವರಿಗೆ ಕಾಗದ ಬರೆದುಕೊಡುತ್ತಿದ್ದನು. ಆ ನುಣುಪಾದ ನೆಲದ ಮೇಲೆ ನಿಂತಾಗ, ಚಿತ್ರಗಳ ಕಡೆಗೆ ನನ್ನ ದೃಷ್ಟಿಯು ಹೋಗಲಿಲ್ಲ.

ಅಲ್ಲಿಂದ ಅದೇ ಬೀದಿಯಲ್ಲಿ ಕೆಳಕ್ಕೆ ಸ್ವಲ್ಪ ನಡೆದರೆ, ಅಂಗಡಿಗಳ ಸಾಲಿನಲ್ಲಿ ಎರಡನೆಯ ಕಟ್ಟಡ. ಇದರ ಮೇಲಂತಸ್ತಿನಲ್ಲಿ ವಾಸವಾಗಿದ್ದವಳು ಕ್ಲಾರಾ ಬಾರ್ಟನ್. ಪೇಟೆಂಟ್ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದು ಯುದ್ಧಭೂಮಿಗೆ ಶುಶ್ರೂಷೆಗೆಂದು ಹೋದ ಮಹಿಳೆ. ಆ ಕಾಲದಲ್ಲಿ ಸತ್ತವನ ಮನೆಗೆ ಸುದ್ದಿ ಮುಟ್ಟಿಸುವ ಕ್ರಮಬದ್ಧವಾದ ಏರ್ಪಾಡು ದಂಡಿನಲ್ಲಿರಲಿಲ್ಲ. ಜೊತೆಗಾರನು ಬರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಯುದ್ಧವು ಮುಗಿದರೂ ಮರಳದ ಮಕ್ಕಳ ತಾಯಂದಿರು ಈಕೆಗೆ ಬರೆದರು. 1865ರಿಂದ 1868ರ ವರೆಗೆ ಈಕೆಯೂ ಈಕೆಯ ಸಹಾಯಕರೂ 63,000ಕ್ಕೂ ಹೆಚ್ಚು ಕಾಗದಗಳಿಗೆ ಉತ್ತರ ಬರೆದು, 22,000ಕ್ಕೂ ಹೆಚ್ಚು ಮಂದಿಯ ಗತಿಯೇನಾಯಿತೆಂಬುದನ್ನು ಕಂಡುಹಿಡಿದರು. ಕಾಣೆಯಾದವರ ಪಟ್ಟಿಗಳನ್ನು ಅಚ್ಚುಹಾಕಿಸಿ ಊರೂರಿನ ಅಂಚೆಮನೆಗಳಿಗೆ ಕಳುಹಿಸಿದರು. ಅವುಗಳನ್ನು ಓದಿದ ಹಳೆಯ ಸಿಪಾಯಿಗಳು ತಾವು ಕಂಡುದನ್ನು ಬರೆದು ತಿಳಿಸಿದರು.

ಡೋರೆನ್ಸ್ ಅಟ್‌ವಾಟರ್ ಎಂಬ ತರುಣನ ಸಹಾಯವು ಇವುಗಳಲ್ಲೆಲ್ಲ ದೊಡ್ಡದು. ಜಾರ್ಜಿಯದ ಆಂಡರ್ಸನ್‌ವಿಲ್ ಸೆರೆಯಲ್ಲಿ ಉತ್ತರದ ಸುಮಾರು 13,000 ಸಿಪಾಯಿಗಳು ಹಸಿವು ರೋಗಗಳಿಂದ ಸತ್ತರು. ಸತ್ತವರ ಪಟ್ಟಿಯನ್ನು ಬರೆಯುವ ಕೆಲಸಕ್ಕೆ ಸೆರೆಯಾಳಾಗಿದ್ದ ಈತನನ್ನೇ ನೇಮಿಸಿದ್ದರು. ಈತನು ಗುಟ್ಟಾಗಿ ಇನ್ನೊಂದು ಪ್ರತಿಯನ್ನು ಬರೆದುಕೊಂಡು, ಹೊರಕ್ಕೆ ತಂದನು. 1865ರ ಬೇಸಗೆಯಲ್ಲಿ ಆ ಪಟ್ಟಿಯನ್ನು ಹಿಡಿದು ಸಮಾಧಿಗಳಿಗೆ ಹೆಸರಿನ ಹಲಗೆಗಳನ್ನು ನೆಡಿಸಿದಾಗ, ಹೆಸರಿಲ್ಲದೆ ಉಳಿದುವು ಐನೂರಕ್ಕೂ ಕಡಿಮೆ. ಒಂದು ಪ್ರತಿಯ ಬೆಲೆಯೆಷ್ಟೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತವು ಬೇಡ.

ಮುಂದೆ ಆ ಮೇಲಂತಸ್ತು ಬಹುಕಾಲ ಮುಚ್ಚಿಯೇ ಇದ್ದಿತು. 1990ರ ದಶಕದಲ್ಲಿ, ಕೆಡವಬೇಕೆಂದಿದ್ದ ಕಟ್ಟಡವನ್ನು ಪರೀಕ್ಷಿಸಲು ಬಂದ ಸರ್ಕಾರದ ಬಡಗಿಯೊಬ್ಬನು, ಮೇಲ್ಛಾವಣಿಯ ಸಂದಿನಲ್ಲಿ ಕಾಗದಗಳನ್ನೂ ಈಕೆಯ ಕಚೇರಿಯ ತಗಡಿನ ನಾಮಫಲಕವನ್ನೂ ಕಂಡನು. ಅವನು ಅವುಗಳನ್ನು ಕಸವೆಂದು ತಿಳಿಯಲಿಲ್ಲ. ಆದುದರಿಂದ ಕಟ್ಟಡವು ಉಳಿಯಿತು, 2015ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಆ ಮೆಟ್ಟಿಲುಗಳನ್ನಿಳಿಯುವಾಗ ನನ್ನ ಮನಸ್ಸಿಗೆ ಬಂದುದು ನಮ್ಮ ಬಚ್ಚಲ ಒಲೆ.

ಹಿಂದಿರುಗಿ ಎಫ್ ಬೀದಿಯಲ್ಲಿ ಪೂರ್ವಕ್ಕೆ ನಡೆದೆನು. ಮೂರನೆಯ ಕಟ್ಟಡವಾದ ಪಿಂಚಣಿ ಭವನವು 1887ರಲ್ಲಿ ಪೂರ್ತಿಯಾಯಿತು. ಒಂದೂವರೆ ಕೋಟಿ ಇಟ್ಟಿಗೆಗಳ ಕೆಂಪು ಸೌಧ. ಒಳಗೆ 75 ಅಡಿ ಎತ್ತರದ ಕಂಬಗಳು. ಹೊರಗೆ ಸುತ್ತಲೂ 1,200 ಅಡಿ ಉದ್ದದ ಸುಟ್ಟ ಮಣ್ಣಿನ ಶಿಲ್ಪಪಟ್ಟಿಕೆಯಲ್ಲಿ ಕಾಲಾಳುಗಳೂ ರಾವುತರೂ ಗಾಯಾಳುಗಳೂ ಕಟ್ಟಡವನ್ನು ಪ್ರದಕ್ಷಿಣೆ ಮಾಡುವಂತೆ ನಡೆದಿದ್ದಾರೆ. ಇದನ್ನು ರಚಿಸಿದ ಸೇನಾಧಿಕಾರಿ ಮೇಗ್ಸ್ ಎಂಬಾತನೂ 1864ರಲ್ಲಿ ಈ ಯುದ್ಧದಲ್ಲಿಯೇ ಮಗನನ್ನು ಕಳೆದುಕೊಂಡವನು.

ಈ ಸೌಧದೊಳಗೆ ನಡೆಯುತ್ತಿದ್ದುದು ಪ್ರಮಾಣಗಳ ವಿಚಾರಣೆ. 1862ರ ಶಾಸನದಂತೆ ಸತ್ತ ಸಿಪಾಯಿಯ ವಿಧವೆಗೆ ತಿಂಗಳಿಗೆ 8 ಡಾಲರು. ವಿಧವೆಯಿಲ್ಲದಿದ್ದರೆ, ಮಗನ ದುಡಿಮೆಯನ್ನೇ ನಂಬಿದ್ದ ತಾಯಿಗೂ ಉಂಟು. ಆದರೆ ನಂಬಿದ್ದಳೆಂಬುದನ್ನು ಸ್ಥಾಪಿಸಬೇಕು. ಬಡ ತಾಯಿಯ ಬಳಿ ಇರುವುದೇನು? ಮಗನು ಡೇರೆಯಿಂದ ಬರೆದ ಕಾಗದಗಳು. ಇಷ್ಟು ಡಾಲರು ಕಳುಹಿಸಿದ್ದೇನೆ ಎಂಬ ಸಾಲುಗಳು. ಅವುಗಳನ್ನೇ ಅರ್ಜಿಯೊಡನೆ ಸರ್ಕಾರಕ್ಕೆ ಕಳುಹಿಸಿದರು. ಮಗನ ಪ್ರೀತಿಯ ಮಾತು ತರ್ಕಶಾಸ್ತ್ರದಲ್ಲಿ ಹೇಳುವ ಶಬ್ದಪ್ರಮಾಣವಾಯಿತು. ಕಾಗದಗಳು ಕಡತದಲ್ಲಿಯೇ ನಿಂತುಬಿಟ್ಟುವು.

ಆ ಕಡತಗಳಿರುವುದು ನಾಲ್ಕನೆಯ ಕಟ್ಟಡವಾದ ರಾಷ್ಟ್ರೀಯ ಪತ್ರಾಗಾರದಲ್ಲಿ. ವಿಧವೆಯರೇ ಮೊದಲಾದ ಆಶ್ರಿತರ ಕಡತಗಳೇ 12 ಲಕ್ಷಕ್ಕೂ ಹೆಚ್ಚು. ಗುರುತಿನ ಚೀಟಿಯನ್ನು ಪಡೆದು, ಮಸಿಯ ಲೇಖನಿಯನ್ನು ಹೊರಗಿಟ್ಟು, ಸೀಸದ ಕಡ್ಡಿಯೊಡನೆ ಒಳಗೆ ಹೋಗಿ ನಾನೂ ಒಂದು ಕಡತವನ್ನು ತರಿಸಿಕೊಂಡೆನು. ತಾಯಿಯೊಬ್ಬಳ ಅರ್ಜಿ. ಒಳಗೆ ಮಗನ ಐದು ಕಾಗದಗಳು. ಹಸುವಿನ ವಿಚಾರ, ತಂಗಿಯ ಓದಿನ ವಿಚಾರ, ಕಾಲಿಗೆ ಜೋಡು ಬೇಕೆಂಬ ವಿಚಾರ. ಹಣದ ಮಾತಿರುವ ಸಾಲುಗಳ ಕೆಳಗೆ ಮಾತ್ರ ಯಾವನೋ ಗುಮಾಸ್ತೆಯು ಗೆರೆಯೆಳೆದಿದ್ದನು. ಗೆರೆಯಿಲ್ಲದ ಸಾಲುಗಳನ್ನು ನಾನು ಎರಡು ಸಲ ಓದಿದೆನು. ತಿಂಗಳಿಗೆ ಎಂಟು ಡಾಲರಿಗಾಗಿ ಆ ತಾಯಿಯು ಮಗನ ಕೈಬರಹವನ್ನೇ ಬಿಟ್ಟುಕೊಟ್ಟಳು. ಬಿಟ್ಟುಕೊಟ್ಟುದರಿಂದಲೇ ಅದು ಉಳಿಯಿತು. ಇದನ್ನು ಲಾಭವೆನ್ನಬೇಕೋ ನಷ್ಟವೆನ್ನಬೇಕೋ ನನಗೆ ತಿಳಿಯದು.

ಈ ಕಡತಗಳನ್ನು ಸ್ವಯಂಸೇವಕರು ಮಡಿಕೆ ಬಿಡಿಸಿ ಛಾಯಾಪ್ರತಿಗೆ ಅಣಿಮಾಡುತ್ತ ಬಂದಿದ್ದಾರೆ. 2016ರಲ್ಲಿ ಅವರಲ್ಲೊಬ್ಬರಿಗೆ, ಕ್ಷಯರೋಗದಿಂದ ಮಲಗಿದ್ದ ನ್ಯೂ ಹ್ಯಾಂಪ್‌ಶೈರಿನ ಸಿಪಾಯಿಯೊಬ್ಬನು 1866ರಲ್ಲಿ ಹೆಂಡತಿಗೆ ಬರೆಯಿಸಿದ ಕಾಗದವು ಸಿಕ್ಕಿತು. ಕೊನೆಯಲ್ಲಿ, ಬರೆದುಕೊಟ್ಟವನು ಸ್ನೇಹಿತನಾದ ವಾಲ್ಟ್ ವ್ಹಿಟ್ಮನ್ ಎಂದಿದ್ದಿತು! ಮಹಾಕವಿಯ ಕೈಬರಹವು ಒಂದೂವರೆ ಶತಮಾನ ಬಡ ವಿಧವೆಯ ಕಡತದಲ್ಲಿ ಸುಮ್ಮನೆ ಮಲಗಿದ್ದಿತು. ಗುಲಾಮನಾಗಿದ್ದು ಮ್ಯಾಸಚೂಸೆಟ್ಸಿನ 55ನೆಯ ಕಾಲಾಳುಪಡೆಗೆ ಸೇರಿದ ಸ್ಯಾಮ್ಯುಯೆಲ್ ಕೇಬಲ್ ಎಂಬಾತನು, ಇನ್ನೂ ಗುಲಾಮಳಾಗಿದ್ದ ತನ್ನ ಹೆಂಡತಿಗೆ, ಅವಳು ಸ್ವತಂತ್ರಳಾಗುವ ದಿನವನ್ನು ಎದುರುನೋಡುತ್ತಿರುವೆನೆಂದು ಬರೆದ ಕಾಗದವೂ ಇದೇ ಪತ್ರಾಗಾರದ್ದು. ಸೇನಾಪತಿಗಳ ಪತ್ರಗಳನ್ನು ಕಾಯುವವರು ಎಂದಿಗೂ ಉಂಟು. ಇಂತಹವರ ಕಾಗದಗಳು ಉಳಿಯುವುದು ಮಾತ್ರ ಆಕಸ್ಮಿಕ.

ಸೋತ ದಕ್ಷಿಣದ ಸಿಪಾಯಿಗಳ ಮನೆಯವರಿಗೆ ಆಗ ಈ ಪಿಂಚಣಿಯಿರಲಿಲ್ಲ. ಆದುದರಿಂದ ಅಲ್ಲಿಯ ಎಷ್ಟೋ ಕಾಗದಗಳು ಮನೆಗಳ ಪೆಟ್ಟಿಗೆಗಳಲ್ಲಿಯೇ ಉಳಿದುವು. ವಾಷಿಂಗ್‌ಟನ್ನಿಗೆ ತೆಂಕಣ ನೆರೆಯಾದ ವರ್ಜೀನಿಯದಲ್ಲಿ, 2010ರಿಂದ ಕೆಲವು ವರ್ಷ, ಸಂಸ್ಥಾನದ ಗ್ರಂಥಾಲಯದವರು ಯಂತ್ರಗಳನ್ನು ಹೊತ್ತು ಊರೂರಿಗೆ ಹೋದರು. ಮನೆಯವರು ತಂದ ಕಾಗದಗಳ ಛಾಯಾಪ್ರತಿಯನ್ನು ಅಲ್ಲಿಯೇ ತೆಗೆದುಕೊಂಡು ಮೂಲವನ್ನು ಅವರ ಕೈಗೇ ಮರಳಿ ಕೊಟ್ಟರು. ಆ ತಾಯಂದಿರಿಗೆ ಇಲ್ಲದಿದ್ದ ಭಾಗ್ಯವಿದು.

ಊರಿಗೆ ಮರಳಿದ ವಾರದಲ್ಲಿಯೇ ಅಕ್ಕನ ಮನೆಗೆ ಹೋಗಿ, ಹಳೆಯ ಕಾಗದಗಳೇನಾದರೂ ಇವೆಯೇ ಎಂದು ಕೇಳಿದೆನು. ಟ್ರಂಕಿನ ತಳದಿಂದ, ಸೀರೆಯ ಅಂಚಿನ ಚೂರಿನಿಂದ ಕಟ್ಟಿದ್ದ ಏಳು ಕಾರ್ಡುಗಳನ್ನು ತೆಗೆದಳು. ಎಲ್ಲವೂ ನಮ್ಮ ತಂದೆಯವರ ಅಕ್ಷರ.

“ನೋಡಿಕೊಂಡು ಇಲ್ಲಿಯೇ ಕೊಟ್ಟು ಹೋಗಪ್ಪ” ಎಂದಳು.

ಅವಳ ಮುಂದೆಯೇ ಕುಳಿತು ಪ್ರತಿಯೆತ್ತಿಕೊಂಡೆನು. ಯಾರು ಯಾರಿಗೆ ಯಾವಾಗ ಬರೆದುದೆಂಬುದನ್ನು ಅವಳಿಂದ ಕೇಳಿ ಬೇರೆ ಹಾಳೆಯಲ್ಲಿ ಬರೆದಿಟ್ಟೆನು. ಏಳನೆಯದು ನಮ್ಮ ತಾಯಿಯವರು ತೀರಿಕೊಂಡ ಸುದ್ದಿಯನ್ನು ತಿಳಿಸಿದ ಕಾರ್ಡು. ವಾಡಿಕೆಯಂತೆ ಓದಿದೊಡನೆಯೇ ಹರಿಯಬೇಕಾಗಿದ್ದುದು, ಅಕ್ಕ ಹರಿದಿರಲಿಲ್ಲ.