ಬಾಹ್ಯಾಕಾಶದ ಕುಳ್ಳರು ಮತ್ತು ಅಪ್ಪನ ಬೋರ್‌ವೆಲ್ಲು

ತಿಂಗಳಿಗೊಂದು ಭಾನುವಾರ ನಾವು ನಾಲ್ಕು ಜನ ಸಹೋದ್ಯೋಗಿಗಳು ಒಬ್ಬರ ಮನೆಯಲ್ಲಿ ಸೇರ್ತೀವಿ. ಡೈನಿಂಗ್ ಟೇಬಲ್ ಮೇಲೆ ಥರ್ಮಾಕೋಲ್ ಗುಡ್ಡಗಳು, ಬಣ್ಣ ಹಚ್ಚಿದ ಹೆಬ್ಬೆರಳುದ್ದದ ಬೊಂಬೆಗಳು, ಒಂದು ಹಿಡಿ ದಾಳ, ಒಂದು ಅಳತೆ ಟೇಪು. ಆಟದ ಹೆಸರು ವಾರ್‌ಹ್ಯಾಮರ್ 40,000. ಮೊದಲ ಸಲ ನಮ್ಮ ಮನೆಯಲ್ಲಿ ಇದನ್ನೆಲ್ಲ ಹರಡಿದಾಗ ನನ್ನ ಹೆಂಡತಿ ಬಾಗಿಲಲ್ಲೇ ನಿಂತು, "ದಸರಾಕ್ಕೆ ಇನ್ನೂ ಮೂರು ತಿಂಗ್ಳಿದೆ, ಈಗ್ಲೇ ಗೊಂಬೆ ಕೂರ್ಸಿಬಿಟ್ರಾ?" ಅಂದಿದ್ದಳು.

ನಾನು ತಿಪಟೂರು ಕಡೆಯ ಹಳ್ಳಿಯವನು. ಎಲ್ಫು, ಡ್ವಾರ್ಫು, ಓರ್ಕು ಅನ್ನೋ ಹೆಸರುಗಳು ನನ್ನ ಕಿವಿಗೆ ಬಿದ್ದದ್ದೇ ಇಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿ, ರೂಮ್‌ಮೇಟ್‌ನ ಕಂಪ್ಯೂಟರಿನಲ್ಲಿ 'ಲಾರ್ಡ್ ಆಫ್ ದ ರಿಂಗ್ಸ್' ಸಿನಿಮಾ ನೋಡುವಾಗ. ಚೂಪು ಕಿವಿಯ, ಸಾವಿಲ್ಲದ, ಸದಾ ಬೇಸರದಲ್ಲಿರೋ ಎಲ್ಫ್‌ಗಳಿಗಿಂತ ನನಗೆ ಹಿಡಿಸಿದ್ದು ಗಡ್ಡದ ಕುಳ್ಳರು. ಮೊರಿಯಾದ ಗಣಿಯಲ್ಲಿ ಆಸೆಗೆ ಬಿದ್ದು ಆಳಕ್ಕೆ, ಇನ್ನೂ ಆಳಕ್ಕೆ ತೋಡಿ, ಕೊನೆಗೆ ಮಲಗಿದ್ದ ಭೂತವನ್ನೇ ಎಬ್ಬಿಸಿಕೊಂಡವರು. ಅದನ್ನ ನೋಡಿ ನಾನು, "ಲೋ, ಇದು ನಮ್ಮೂರಿನ ಬೋರ್‌ವೆಲ್ ಕತೆ ಕಣೋ" ಅಂದಿದ್ದೆ. ಸಾವಿರ ಅಡಿ ಹೋದರೂ ಬರೀ ಧೂಳು ಬರೋ ಊರಿನವನಿಗೆ ಇನ್ನೇನು ಹೊಳೀಬೇಕು?

ವಿಷಯ ಏನಂದ್ರೆ, ಈ ಜನಾಂಗಗಳೆಲ್ಲ ಕಾಡು, ಗುಹೆ, ಗುಡ್ಡದ ಕತೆಗಳಿಗೆ ಸೇರಿದವು. ಟೋಲ್ಕೀನ್ 1954–55ರಲ್ಲಿ 'ಲಾರ್ಡ್ ಆಫ್ ದ ರಿಂಗ್ಸ್' ಪ್ರಕಟಿಸಿದ ಮೇಲೆ ಅವುಗಳಿಗೆ ಒಂದು ಖಾಯಂ ರೂಪ ಬಂತು. ಆಮೇಲೆ ಬಂದವರಿಗೆ ಒಂದು ತಲಹರಟೆ ಪ್ರಶ್ನೆ ಹುಟ್ಟಿತು: ಇವರನ್ನೆಲ್ಲ ಎತ್ತಿಕೊಂಡು ಹೋಗಿ ಬಾಹ್ಯಾಕಾಶದಲ್ಲಿ ಬಿಟ್ಟರೆ ಏನಾಗುತ್ತೆ? 1987ರಲ್ಲಿ ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಕಂಪನಿಗಾಗಿ ರಿಕ್ ಪ್ರೀಸ್ಟ್ಲಿ ಮಾಡಿದ ವಾರ್‌ಹ್ಯಾಮರ್ 40,000 ಅದಕ್ಕೊಂದು ಉತ್ತರ. 1989ರಲ್ಲಿ ಅಮೆರಿಕದಲ್ಲಿ ಬಂದ 'ಸ್ಪೆಲ್‌ಜ್ಯಾಮರ್' ಇನ್ನೊಂದು. ಅದರಲ್ಲಿ ಮರದ ಹಾಯಿಹಡಗುಗಳೇ ತಮ್ಮ ಸುತ್ತ ಒಂದಿಷ್ಟು ಗಾಳಿ ಕಟ್ಟಿಕೊಂಡು ಗ್ರಹದಿಂದ ಗ್ರಹಕ್ಕೆ ಹೊರಟುಬಿಡುತ್ತವೆ.

ನಮ್ಮ ಆಟದಲ್ಲಿ ಎಲ್ಫ್‌ಗಳು ಏಲ್ಡಾರ್ ಆಗಿದ್ದಾರೆ. ತಮ್ಮ ಸಾಮ್ರಾಜ್ಯವನ್ನ ಭೋಗದಲ್ಲಿ ತಾವೇ ಹಾಳುಮಾಡಿಕೊಂಡು, ಉಳಿದ ಕೆಲವರು ಊರಿನಷ್ಟಲ್ಲ, ದೇಶದಷ್ಟು ದೊಡ್ಡ ಹಡಗುಗಳಲ್ಲಿ ಅಲೆಯುತ್ತಿದ್ದಾರೆ. ಸತ್ತವರ ಆತ್ಮಗಳನ್ನ ಕಲ್ಲಿನಲ್ಲಿ ಹಿಡಿದು ಹಡಗಿನೊಳಗೇ ಇಟ್ಟುಕೊಂಡಿದ್ದಾರೆ. ಕಾಡು ಹೋಯಿತು, ಬಿಲ್ಲು ಹೋಯಿತು, ಬೇಸರ ಮಾತ್ರ ಹಾಗೇ ಉಳಿಯಿತು.

ಓರ್ಕ್‌ಗಳದ್ದು ಇನ್ನೂ ಮಜಾ. ಅವರು ಹುಟ್ಟೋದು ಅಣಬೆಯ ಹಾಗೆ, ಬೀಜಕಣಗಳಿಂದ. ಒಂದು ಗ್ರಹಕ್ಕೆ ಒಮ್ಮೆ ಕಾಲಿಟ್ಟರೆ ಮುಗೀತು, ಕಿತ್ತಷ್ಟೂ ಬರ್ತಾರೆ, ನಮ್ಮ ತೋಟದ ಕಾಂಗ್ರೆಸ್ ಗಿಡದ ಥರ. ಅವರ ಯಂತ್ರಗಳು ಓಡೋದು ಬಹುಪಾಲು ಓಡುತ್ತವೆ ಅನ್ನೋ ನಂಬಿಕೆಯಿಂದ. ಗಾಡಿಗೆ ಕೆಂಪು ಬಣ್ಣ ಬಳಿದರೆ ಸ್ಪೀಡು ಜಾಸ್ತಿ ಆಗುತ್ತೆ ಅಂತ ನಂಬ್ತಾರೆ, ಹಾಗಾಗಿ ನಿಜಕ್ಕೂ ಆಗುತ್ತೆ. ನಗಬೇಡಿ. ಯಾರೂ ಮುಟ್ಟಬಾರದ ಒಂದು ಹಳೇ ಸರ್ವರ್ ನಿಮ್ಮ ಆಫೀಸಲ್ಲೂ ಇರುತ್ತೆ.

ಇನ್ನು ಕುಳ್ಳರು. ಅವರಿಗೆ ಮೊದಲು ಸ್ಕ್ವಾಟ್ಸ್ ಅಂತ ಹೆಸರಿಟ್ಟರು. ಗುರುತ್ವ ಜಾಸ್ತಿ ಇರೋ ಗಣಿ ಗ್ರಹಗಳಲ್ಲಿ ನೆಲೆಸಿದ ಮನುಷ್ಯರೇ ತಲೆಮಾರುಗಳ ಮೇಲೆ ಕುಳ್ಳಗೆ, ದಪ್ಪಗೆ ಆದರು ಅನ್ನೋದು ಕತೆ. ಇದರಲ್ಲಿ ಸ್ವಲ್ಪ ತರ್ಕವೂ ಇದೆ. ತೂಕವಿಲ್ಲದ ಕಡೆ ತಿಂಗಳುಗಟ್ಟಲೆ ಇರೋ ನಮ್ಮ ಗಗನಯಾತ್ರಿಗಳು ಬೆನ್ನುಮೂಳೆ ಸಡಿಲಾಗಿ ಶೇಕಡಾ 3ರ ತನಕ ಉದ್ದ ಆಗ್ತಾರೆ, ಭೂಮಿಗೆ ಬಂದ ಮೇಲೆ ಮತ್ತೆ ಮೊದಲಿನಷ್ಟೇ ಆಗ್ತಾರೆ. ನೆಲದ ಎಳೆತಕ್ಕೂ ಮೈಗೂ ಸಂಬಂಧ ಇದ್ದೇ ಇದೆ.

ಆದರೆ ಸ್ಕ್ವಾಟ್ಸ್ ಉಳಿಯಲಿಲ್ಲ. ಗಡ್ಡದ ಕುಳ್ಳನನ್ನ ಮೋಟರ್‌ಬೈಕ್ ಮೇಲೆ ಕೂರಿಸಿ ಕೈಗೆ ಗನ್ನು ಕೊಟ್ಟಿದ್ದರು, ಹೆಚ್ಚೇನೂ ಯೋಚಿಸಿರಲಿಲ್ಲ. 90ರ ದಶಕದಲ್ಲಿ ಕಂಪನಿ ಅವರನ್ನ ಮೆಲ್ಲಗೆ ಕೈಬಿಟ್ಟಿತು. ಆ ಜನಾಂಗಕ್ಕೆ ತಾವು ನ್ಯಾಯ ಒದಗಿಸಲಿಲ್ಲ ಅಂತ ವಿನ್ಯಾಸಕರೇ ಆಮೇಲೆ ಒಪ್ಪಿಕೊಂಡರು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಅದು ಕೆಟ್ಟ ಪೋರ್ಟಿಂಗ್. ಹಳೇ ಕೋಡನ್ನ ಹಾಗೇ ಕಾಪಿ ಮಾಡಿ ಹೊಸ ಮೆಷಿನ್ನಿಗೆ ಹಾಕಿದರೆ ಓಡಲ್ಲ. ಅದು ಮೂಲದಲ್ಲಿ ಏನು ಮಾಡೋಕೆ ಇತ್ತು ಅಂತ ಮೊದಲು ಕೇಳಬೇಕು.

ಆ ಪ್ರಶ್ನೆ ಕೇಳಿದವರು 2022ರಲ್ಲಿ ಕುಳ್ಳರನ್ನ ವಾಪಸ್ ತಂದರು, 'ಲೀಗ್ಸ್ ಆಫ್ ವೋಟಾನ್' ಅನ್ನೋ ಹೆಸರಲ್ಲಿ. ಕುಳ್ಳ ಅಂದರೆ ಗಡ್ಡ ಅಲ್ಲ, ಕೊಡಲಿಯೂ ಅಲ್ಲ. ನೆಲ ತೋಡೋದು ಮತ್ತು ಹಿರಿಯರನ್ನ ನೆಚ್ಚೋದು. ಹಾಗಾದರೆ ಬಾಹ್ಯಾಕಾಶದಲ್ಲಿ ಹಿರಿಯರು ಎಲ್ಲಿರ್ತಾರೆ? ವೋಟಾನ್ ಅನ್ನೋ ಮಹಾ ಗಣಕಯಂತ್ರಗಳಲ್ಲಿ. ಒಬ್ಬೊಬ್ಬರು ಸತ್ತಾಗಲೂ ಅವರ ನೆನಪೆಲ್ಲ ಅದಕ್ಕೆ ಸೇರುತ್ತೆ. ಬದುಕಿದ್ದವರು ಕಷ್ಟ ಬಂದಾಗ ಹೋಗಿ ಅದನ್ನ ಕೇಳ್ತಾರೆ. ಸಮಸ್ಯೆ ಒಂದೇ. ಸಾವಿರಾರು ವರ್ಷಗಳ ನೆನಪು ತುಂಬಿ ತುಂಬಿ ಆ ಯಂತ್ರಗಳು ನಿಧಾನವಾಗಿವೆ. ಕೇಳಿದ್ದಕ್ಕೆ ಉತ್ತರ ಬರೋದು ಬಹಳ ತಡ.

ಇದನ್ನ ಓದಿದಾಗ 'ಡೇಟಾ ಆರ್ಕೈವ್ ಮಾಡಿಲ್ಲ, ಇಂಡೆಕ್ಸ್ ಇಲ್ಲ' ಅಂತ ಇಂಜಿನಿಯರ್ ಬುದ್ಧಿಯಲ್ಲಿ ನಕ್ಕಿದ್ದೆ.

ಹೋದ ಬೇಸಿಗೆಯಲ್ಲಿ ಅಪ್ಪನಿಗೆ ಸಣ್ಣದೊಂದು ಸ್ಟ್ರೋಕ್ ಆಯಿತು. ಬೇಗ ಆಸ್ಪತ್ರೆಗೆ ಸೇರಿಸಿದ್ದರಿಂದ ಕೈಕಾಲು ಉಳಿಯಿತು, ಮಾತು ಮಾತ್ರ ನಿಧಾನವಾಯಿತು. ಅವರು ಇನ್ನೂ ಆಸ್ಪತ್ರೆಯಲ್ಲಿದ್ದಾಗ, ನಾನು ಸ್ಟ್ಯಾಂಡಪ್ ಮೀಟಿಂಗ್‌ನಲ್ಲಿ ಇರುವಾಗಲೇ ಅಮ್ಮನ ಫೋನು. ತೋಟದಲ್ಲಿ ನೆಲದೊಳಗಿನ ಪೈಪ್ ಒಡೆದಿದೆ, ನೀರೆಲ್ಲ ರಸ್ತೆಗೆ ಹರೀತಿದೆ, ಗೇಟ್‌ವಾಲ್ವ್ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. ಕೆಲಸದವರು ಆಗಲೇ ಮೂರು ಕಡೆ ಅಗೆದಿದ್ದರು. ನಾನು ಆಸ್ಪತ್ರೆಗೆ ಫೋನ್ ಮಾಡಿಸಿ ಅಪ್ಪನನ್ನ ಕೇಳಿದೆ. ಬಹಳ ಹೊತ್ತಿನ ಮೇಲೆ ಉತ್ತರ ಬಂತು.

"ಹುಣ್ಸೇಮರದಿಂದ... ಎಂಟು ಮಾರು... ಮೂಡ್ಲಾಗಿ."

ಆ ಹುಣಸೇಮರ ಕಡಿದು ಹತ್ತು ವರ್ಷದ ಮೇಲಾಗಿದೆ.

ನಮ್ಮ ಕಡೆ ಯಾರಾದರೂ ಕೆಲಸ ಬಿಟ್ಟರೆ ನೋಟಿಸ್ ಪೀರಿಯಡ್‌ನಲ್ಲಿ ಕೆಟಿ ಅಂತ ಮಾಡಿಸ್ತೀವಲ್ಲ, ತಲೆಯಲ್ಲಿರೋದನ್ನೆಲ್ಲ ಬೇರೆಯವರಿಗೆ ಒಪ್ಪಿಸಿ ಹೋಗೋದು. ಅಪ್ಪ ಮನೆಗೆ ಬಂದ ಮೇಲೆ ಅದನ್ನೇ ಮಾಡೋಣ ಅಂತ ಲ್ಯಾಪ್‌ಟಾಪ್ ಹಿಡಿದು ರೈಲು ಹತ್ತಿದೆ. ಜಗಲಿ ಮೇಲೆ ಅಪ್ಪನನ್ನ ಕೂರಿಸಿಕೊಂಡು ಎಕ್ಸೆಲ್ ಶೀಟ್ ತೆರೆದೆ. ಬೋರ್‌ವೆಲ್ ನಂಬರು, ಕೊರೆಸಿದ ವರ್ಷ, ಎಷ್ಟು ಅಡಿ, ಎಷ್ಟು ಇಂಚು ನೀರು, ಪೈಪ್ ಯಾವ ಕಡೆ ಹೋಗಿದೆ. ಒಟ್ಟು ಐದು ಬೋರು. ಒಂದು ಗಂಟೆ ಕೆಲಸ ಅಂದುಕೊಂಡಿದ್ದೆ.

ಮೊದಲನೇ ದಿನ ಒಂದೂವರೆ ಸಾಲು ತುಂಬಿತು.

ಮೂರನೇ ಬೋರು ಎಷ್ಟು ಅಡಿ ಅಂತ ಕೇಳಿದರೆ ಅಪ್ಪ ಅಲ್ಲಿಂದ ಶುರು ಮಾಡ್ತಿರಲಿಲ್ಲ. ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು ಪಾಯಿಂಟ್ ತೋರಿಸೋಕೆ ಯಾರು ಬಂದಿದ್ದರು, ಕಾಯಿ ಎಲ್ಲಿ ಎದ್ದು ನಿಂತಿತು, ಲಾರಿ ರಾತ್ರಿ ಎಷ್ಟು ಹೊತ್ತಿಗೆ ಬಂತು, ಯಾರ ಹತ್ತಿರ ಸಾಲ ತಂದದ್ದು, ಅಟ್ಟದ ಮೇಲಿನ ಕೊಬ್ಬರಿ ಎಷ್ಟಕ್ಕೆ ಹೋಯಿತು. ಒಂದೊಂದು ಪದಕ್ಕೂ ಅಷ್ಟು ಹೊತ್ತು. ನನಗೆ ಬೇಕಾಗಿದ್ದದ್ದು ಒಂದು ನಂಬರು. ತಡೆಯೋಕಾಗದೆ ಅವರ ಮಾತನ್ನ ನಾನೇ ಮುಗಿಸೋಕೆ ಶುರು ಮಾಡಿದೆ. "ಏಳ್ನೂರಾ? ಎಂಟ್ನೂರಾ?" ಅಪ್ಪ ತಲೆ ಅಲ್ಲಾಡಿಸಿ ಸುಮ್ಮನಾದರು. ಒಳಗಿಂದ ಅಮ್ಮ ಬಂದು, "ನಿಂಗೆ ಮಾತು ಬರೋಕೆ ಎರಡೂವರೆ ವರ್ಷ ಆಯ್ತು. ಅವ್ರು ಯಾವತ್ತಾದ್ರೂ ಹಿಂಗೆ ಅವಸರ ಮಾಡಿದ್ರಾ?" ಅಂದು ಕಾಫಿ ಲೋಟ ಇಟ್ಟು ಹೋದಳು.

ಆಗ ನನಗೆ ವೋಟಾನ್ ನೆನಪಾಯಿತು, ನಾನು ನಕ್ಕಿದ್ದೂ ನೆನಪಾಯಿತು. ಉತ್ತರ ತಡವಾಗೋದು ಗೊತ್ತಿಲ್ಲದೇ ಅಲ್ಲ. ಒಂದು ನಂಬರಿಗೆ ಹೋಗೋ ದಾರಿಯಲ್ಲಿ ಅಷ್ಟೂ ವರ್ಷ ನಿಂತಿವೆ.

ಎರಡನೇ ದಿನ ಲ್ಯಾಪ್‌ಟಾಪ್ ಮುಚ್ಚಿಟ್ಟು ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ಸುಮ್ಮನೆ ಕೂತೆ. ಮಧ್ಯಾಹ್ನದ ಹೊತ್ತಿಗೆ ಮೂರನೇ ಬೋರಿನ ಕತೆ ಮುಗಿಯಿತು. 2008, ಆರುನೂರಾ ಇಪ್ಪತ್ತು ಅಡಿ, ಫೇಲು. ಇನ್ನೊಂದು ನೂರಡಿ ಹೋಗೋಣ, ಕಲ್ಲು ಬದಲಾಗ್ತಿದೆ, ನೀರು ಸಿಗಬಹುದು ಅಂತ ಲಾರಿಯವನು ಹೇಳಿದ್ದನಂತೆ.

"ಮತ್ತೆ ಯಾಕಪ್ಪ ನಿಲ್ಸಿದ್ದು?"

ಅಪ್ಪ ತೋಟದ ಕಡೆ ನೋಡ್ತಾ ಇದ್ದರು. "ಜೇಬಲ್ಲಿ... ಇದ್ದದ್ದು... ನಿನ್ ಫೀಸಿನ ದುಡ್ಡು."

ನಾನಾಗ ಎರಡನೇ ವರ್ಷದ ಬಿಇ. ಹಾಸ್ಟೆಲಿನಲ್ಲಿ ಕೂತು, ಆಳಕ್ಕೆ ತೋಡಿ ಕೆಟ್ಟ ಕುಳ್ಳರನ್ನ ನೋಡಿ ನಗ್ತಿದ್ದವನು. ನಮ್ಮೂರಲ್ಲಿ ಬೋರು ಕೊರೆಸೋಕೆ ಕೂತವರು ನಡುವೆ ನಿಲ್ಲಿಸೋದನ್ನ ನಾನು ನೋಡಿಲ್ಲ. ಇನ್ನೊಂದು ಅಡಿ, ಇನ್ನೊಂದು ಅಡಿ ಅಂತಲೇ ಮನೆಗಳು ಮುಳುಗಿವೆ. ಆ ರಾತ್ರಿ ಅಪ್ಪ ನಿಲ್ಲಿಸಿದ್ದರು, ಹದಿನೈದು ವರ್ಷದ ಮೇಲಾದರೂ ಬಾಯಿ ಬಿಟ್ಟಿರಲಿಲ್ಲ. ನಾನು ಒಂದು ನಂಬರು ಕೇಳಿ ಎದ್ದು ಹೋಗಿದ್ದರೆ ಶೀಟಿನಲ್ಲಿ '620, ಫೇಲ್' ಅಂತ ಇರ್ತಿತ್ತು, ಅಷ್ಟೇ.

ಬೆಂಗಳೂರಿಗೆ ಬಂದ ಮೇಲೆ ಹುಡುಗರು ಹೊಸ ಸೈನ್ಯ ತಗೋ ಅಂದಾಗ ಕುಳ್ಳರ ಪೆಟ್ಟಿಗೆಯನ್ನೇ ತಗೊಂಡೆ. ರಾತ್ರಿ ಮಗಳು ಮಲಗಿದ ಮೇಲೆ ಒಂದೊಂದಕ್ಕೇ ಬಣ್ಣ ಹಚ್ತೀನಿ, ಕಿವಿಯಲ್ಲಿ ಅಪ್ಪನ ರೆಕಾರ್ಡಿಂಗ್ ಓಡ್ತಿರುತ್ತೆ. ಕೇಳಿದ್ದನ್ನ ಶೀಟಿಗೆ ಸೇರಿಸ್ತೀನಿ. ಅದರಲ್ಲಿ 'ರಿಮಾರ್ಕ್ಸ್' ಕಾಲಮ್ಮೇ ಈಗ ಎಲ್ಲಕ್ಕಿಂತ ಅಗಲ.

ನಾಲ್ಕನೇ ಮತ್ತು ಐದನೇ ಬೋರು ಇನ್ನೂ ಬಾಕಿ ಇವೆ, ಕೆಳಗಿನ ತೋಟದ ಪೈಪ್‌ಲೈನ್ ಪೂರ್ತಿ ಬಾಕಿ ಇದೆ. ಈ ಭಾನುವಾರ ಆಟಕ್ಕೆ ಬರಲ್ಲ ಅಂತ ಗ್ರೂಪಿಗೆ ಮೆಸೇಜ್ ಹಾಕಿದೀನಿ.